ಅರ್ಧ ಚಮಚ ಪುಡಿ

ನನ್ನ ಮುಖ ದುಂಡಗಾದ ವರ್ಷ ಹೊಸಪೇಟೆಯಲ್ಲಿ ಎದುರಾದವರೆಲ್ಲ ನನಗೆ ಹೇಳಿದ್ದು ಒಂದೇ ಮಾತು. “ಈಗ ಚಲೋ ಆಗೀರಿ ನೋಡ್ರಿ. ಮೊದ್ಲು ಕಡ್ಡಿ ಆಗಿದ್ರಿ.” ತರಕಾರಿ ಕೊಳ್ಳುವಾಗ, ಮದುವೆ ಊಟದ ಪಂಕ್ತಿಯಲ್ಲಿ, ಕೆಲಸಕ್ಕೆ ಹೋಗುವ ವ್ಯಾನಿನಲ್ಲಿ. ಅದು ಉಂಡು ಬಂದ ಮೈಯಲ್ಲ, ಔಷಧಿಯಿಂದ ಬಂದ ಬಾವು ಎಂದು ಮೊದಮೊದಲು ವಿವರಿಸುತ್ತಿದ್ದೆ. ಆಮೇಲೆ ಬಿಟ್ಟೆ. ವಿವರಿಸಿದರೆ ಇನ್ನೊಂದು ಪ್ರಶ್ನೆ ಬರುತ್ತಿತ್ತು: “ಇಷ್ಟು ಸಣ್ಣ ವಯಸ್ಸಿಗೆ ಯಾಕ ಬಂತದು? ಏನ್ ತಿಂತಿದ್ರಿ?” ಜಡ್ಡು ಬಂದದ್ದಕ್ಕೆ ನಾನೇ ಏನೋ ತಪ್ಪು ಮಾಡಿರಬೇಕು ಎಂಬ ಧಾಟಿ. ಇದನ್ನು ಬರೆಯಲು ಕೂತಾಗಲೂ ಆ ಸಿಟ್ಟು ಆರಿಲ್ಲ. ಆದರೆ ಆ ವರ್ಷದ ದೊಡ್ಡ ಸಿಟ್ಟು ಬೇರೆಯದು. ಅದರಲ್ಲಿ ನನ್ನ ಪಾಲೂ ಇದೆ.

ನಾನು ಸಂಡೂರಿನಲ್ಲಿ ಅದಿರು ಪರೀಕ್ಷೆ ಮಾಡುವ ಖಾಸಗಿ ಲ್ಯಾಬೊಂದರಲ್ಲಿ ಕೆಮಿಸ್ಟ್. ಮನೆ ಹೊಸಪೇಟೆಯಲ್ಲಿ. ಗಂಡನದು ಲಾರಿ ಟೈರುಗಳ ಅಂಗಡಿ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಬೆಳಗ್ಗೆ ಏಳೂವರೆಗೆ ಲ್ಯಾಬಿನ ವ್ಯಾನು ನಮ್ಮ ರಸ್ತೆಯ ತಿರುವಿಗೆ ಬರುತ್ತದೆ. ಅದಿರು ಲಾರಿಗಳ ಹಿಂದೆ ತೆವಳುತ್ತ ಒಂಬತ್ತರ ಹೊತ್ತಿಗೆ ಲ್ಯಾಬ್ ಸೇರುತ್ತೇವೆ. ಗಣಿಗಳಿಂದ ಚೀಲಗಳಲ್ಲಿ ಬರುವ ಅದಿರನ್ನು ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು, ಆಸಿಡ್‌ನಲ್ಲಿ ಕರಗಿಸಿ, ಅದರಲ್ಲಿ ಕಬ್ಬಿಣ ಎಷ್ಟಿದೆ ಎಂದು ಹೇಳುವುದು ನಮ್ಮ ಕೆಲಸ. ಕೊನೆಯ ಹಂತ ಬ್ಯುರೆಟ್‌ನದು. ಅದು ಉದ್ದನೆಯ ಗಾಜಿನ ಕೊಳವೆ, ಕೆಳಗೊಂದು ಪುಟ್ಟ ತಿರುಪು. ಎಡಗೈಯಲ್ಲಿ ಆ ತಿರುಪು ಹಿಡಿದು ಹನಿ ಹನಿಯಾಗಿ ದ್ರಾವಣ ಬಿಡುತ್ತ, ಬಲಗೈಯಲ್ಲಿ ಫ್ಲಾಸ್ಕ್ ಆಡಿಸುತ್ತ, ಬಣ್ಣ ನೇರಳೆಗೆ ತಿರುಗುವ ಆ ಒಂದು ಹನಿಗೆ ಸರಿಯಾಗಿ ನಿಲ್ಲಿಸಬೇಕು. ಒಂದು ಹನಿ ಹೆಚ್ಚಾದರೆ ಲೆಕ್ಕ ತಪ್ಪು. ಹದಿನಾಲ್ಕು ವರ್ಷ ನಾನು ಆ ಹನಿಯನ್ನು ತಪ್ಪಿಸಿದವಳಲ್ಲ. ನನ್ನ ಕೈ ಮೇಲೆ ನನಗೆ ಅಷ್ಟು ಹೆಮ್ಮೆ ಇತ್ತು.

ಮೂವತ್ತೆಂಟನೆಯ ವಯಸ್ಸಿಗೆ, ಒಂದು ಬೆಳಗ್ಗೆ, ಕುಕ್ಕರಿನ ಮುಚ್ಚಳ ತೆಗೆಯಲು ಆಗಲಿಲ್ಲ. ಬೆರಳುಗಳು ಊದಿ ಬಿಗಿದುಕೊಂಡಿದ್ದವು. ಎರಡು ತಿಂಗಳಲ್ಲಿ ಮಣಿಕಟ್ಟು, ಪಾದ, ಭುಜ ಎಲ್ಲಕ್ಕೂ ಹರಡಿತು. ಆ ಡಾಕ್ಟರು ಈ ಡಾಕ್ಟರು ಎಂದು ಅಲೆದ ಮೇಲೆ, ವಾರಕ್ಕೊಮ್ಮೆ ಹೊಸಪೇಟೆಗೆ ಬಂದು ನೋಡುವ ಕೀಲುವಾತದ ಡಾಕ್ಟರಮ್ಮ ಒಬ್ಬರು ಸಿಕ್ಕರು. ನಮ್ಮ ಸೀಮೆಯವರೇ. ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿ ಹೇಳಿದರು.

“ಮೈ ಕಾಯೋ ಶಕ್ತಿನೇ ತಪ್ಪು ತಿಳ್ಕೊಂಡು ನಿಮ್ಮ ಕೀಲುಗಳ ಮ್ಯಾಲ ಬಿದ್ದೈತಿ. ಇದು ಪೂರ್ತಿ ಹೋಗೋ ಜಡ್ಡಲ್ಲ, ಹಿಡಿತದಾಗ ಇಟ್ಕೊಳ್ಳೋ ಜಡ್ಡು.”

ಎರಡು ಮಾತ್ರೆ ಬರೆದರು. ಒಂದು ವಾರಕ್ಕೊಮ್ಮೆ ನುಂಗುವುದು. ಅದು ಕೆಲಸ ಶುರು ಮಾಡಲು ತಿಂಗಳುಗಳೇ ಬೇಕು. ಅಲ್ಲಿಯ ತನಕ ದಿನಾ ಬೆಳಗ್ಗೆ ಸ್ಟೆರಾಯ್ಡ್, ಇಪ್ಪತ್ತು ಮಿಲಿಗ್ರಾಂ. ಮೂರನೆಯ ದಿನಕ್ಕೆ ನಾನು ಓಡಾಡಿದೆ. ಜಡ್ಡೇ ಇಲ್ಲ ಅನ್ನಿಸಿತು. ಡಾಕ್ಟರಮ್ಮ ಮಾತ್ರ ನಗಲಿಲ್ಲ.

“ಏರಿಸೋದು ಸುಲಭ, ಇಳಿಸೋದು ಕಷ್ಟ. ಇದು ಹೊರಗಿಂದ ಬರಾಕತ್ತಿತಂದ್ರ ನಿಮ್ಮ ಮೈ ತಾನು ದಿನಾ ತಯಾರು ಮಾಡೋದನ್ನ ನಿಲ್ಲಿಸಿಬಿಡ್ತೈತಿ. ಒಮ್ಮಿಗೇ ಬಿಟ್ರ ಮೈ ಕುಸಿದು ಬೀಳ್ತೈತಿ. ನಾನು ಹೇಳಿದಂಗ ಇಷ್ಟಿಷ್ಟ ಇಳಿಸ್ರಿ.”

ಹಾಗೆ ಇಳಿಸತೊಡಗಿದೆ. ಎರಡು ವಾರಕ್ಕೊಮ್ಮೆ ಸ್ವಲ್ಪ ಕಡಿಮೆ. ಹದಿನೈದಕ್ಕೆ ಬರುವಾಗ ತೊಂದರೆ ಆಗಲಿಲ್ಲ. ಹತ್ತಕ್ಕೆ ಬಂದಾಗ ಬೆಳಗಿನ ಬಿಗಿತ ಮರಳಿತು. ವ್ಯಾನಿನಲ್ಲಿ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಿಕೊಳ್ಳುತ್ತಿದ್ದೆ. ಹತ್ತೂವರೆಯ ತನಕ ಬ್ಯುರೆಟ್ಟಿನ ತಿರುಪು ನನ್ನ ಮಾತು ಕೇಳುತ್ತಿರಲಿಲ್ಲ. ಆಮೇಲೆ ಬೆರಳು ಸಡಿಲಾಗುತ್ತಿದ್ದವು, ಸಂಜೆ ತನಕ ಕೆಲಸ ಮಾಡುತ್ತಿದ್ದೆ. ನಮ್ಮ ಲ್ಯಾಬಿನ ಇನ್‌ಚಾರ್ಜ್‌ಗೆ ಇದನ್ನೇ ಹೇಳಿದೆ.

“ಹತ್ತೂವರಿ ತನಕ ನನಗ ಬ್ಯಾರೆ ಕೆಲಸ ಕೊಡ್ರಿ ಸರ್. ಆಮ್ಯಾಲೆ ಎಷ್ಟು ಸ್ಯಾಂಪಲ್ ಕೊಟ್ರೂ ಮಾಡ್ತೀನಿ.”

“ಒಬ್ಬರಿಗೆ ಒಂದು ರೂಲ್ ಮಾಡಿದ್ರ ನಾಳಿ ಎಲ್ಲಾರೂ ಕೇಳ್ತಾರ ಮೇಡಂ,” ಅಂದರು. ಕೆಟ್ಟ ದನಿಯಲ್ಲಿ ಹೇಳಲಿಲ್ಲ. “ನೀವು ರೆಸ್ಟ್ ತಗೊಳ್ರಿ. ಆರೋಗ್ಯ ಮುಖ್ಯ.”

ರೆಸ್ಟ್ ಎಂದರೆ ಏನೆಂದು ಮರುವಾರ ಗೊತ್ತಾಯಿತು. ನನ್ನನ್ನು ಕೆಳಗಿನ ಕೋಣೆಗೆ ಹಾಕಿದರು. ಬಂದ ಚೀಲಗಳನ್ನು ಎಣಿಸಿ, ಚೀಟಿ ಅಂಟಿಸುವ ಕೆಲಸ. ಕೀಲುನೋವಿನವಳಿಗೆ ಚೀಲ ಎತ್ತಿಡುವ ಕೆಲಸ. ಮೇಲೆ ನನ್ನ ಬ್ಯುರೆಟ್ ಮುಂದೆ ಹೊಸಬ ಒಬ್ಬ ನಿಂತ. ಇನ್ನೊಂದು ಮಾತೂ ಬಂತು: ವೈದ್ಯರಿಂದ ಫಿಟ್‌ನೆಸ್ ಸರ್ಟಿಫಿಕೇಟ್ ತರಬೇಕು, ಇಲ್ಲದಿದ್ದರೆ ಮೇಲಿನವರು ನನ್ನ ಬದಲಿಗೆ ಬೇರೆಯವರನ್ನು ತೆಗೆದುಕೊಳ್ಳಿ ಅನ್ನುತ್ತಾರೆ ಎಂದು. ಆ ದಿನ ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ದುಃಖಕ್ಕಲ್ಲ. ಯಾರನ್ನಾದರೂ ಹೊಡೆಯಬೇಕು ಅನ್ನಿಸುವಷ್ಟು ಸಿಟ್ಟು, ಮುಷ್ಟಿ ಕಟ್ಟಲು ಬೆರಳು ಮಡಚುತ್ತಿರಲಿಲ್ಲ.

ನನ್ನ ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರ ತವರು ಕಂಪ್ಲಿ. ಎರಡು ವರ್ಷದಿಂದ ಮೊಣಕಾಲು ನೋವಿಗೆ ಕಂಪ್ಲಿಯ ಒಬ್ಬನ ಹತ್ತಿರ ನಾಟಿ ಔಷಧಿ ತರುತ್ತಿದ್ದರು. ಬೂದು ಬಣ್ಣದ ಪುಡಿ. ಬೆಳಗ್ಗೆ ಅರ್ಧ ಚಮಚ, ಜೇನುತುಪ್ಪದಲ್ಲಿ ಕಲಸಿ. ಅದನ್ನು ತಿಂದು ಅರವತ್ತೆಂಟರ ಅವರು ಮೆಟ್ಟಿಲು ಹತ್ತಿ ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದರು. ನನಗೂ ಹತ್ತಾರು ಸಲ ಹೇಳಿದ್ದರು, ನಾನು ಬೇಡವೆಂದಿದ್ದೆ.

“ಈಗರ ತಗೋ,” ಅಂದರು. “ಗಿಡಮೂಲಿಕಿ. ಮೈಗೆ ಏನೂ ಮಾಡಂಗಿಲ್ಲ. ನಿನ್ನ ಮಾತ್ರಿ ನೀ ತಗೋ, ಇದನ್ನೂ ತಗೋ.”

ತಗೊಂಡೆ. ನಾಲ್ಕು ದಿನಕ್ಕೆ ಬೆರಳುಗಳು ಬಿಚ್ಚಿಕೊಂಡವು.

ದಿನವಿಡೀ ಪುಡಿಗಳಲ್ಲಿ ಏನಿದೆ ಎಂದು ಪತ್ತೆ ಮಾಡುವುದೇ ನನ್ನ ಕೆಲಸ. ಈ ಪುಡಿಯಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ. ತೋಚಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ತೋಚಿತ್ತು, ಉತ್ತರ ಬೇಡವಾಗಿತ್ತು. ಮೇಲಿನ ಕೋಣೆಗೆ ಹೋಗಿ, ಇನ್‌ಚಾರ್ಜ್ ಮುಂದೆಯೇ ಒಂದು ಸ್ಯಾಂಪಲ್ ಮಾಡಿ ತೋರಿಸಿದೆ. ಒಂದು ಹನಿಯೂ ಹೆಚ್ಚಾಗಲಿಲ್ಲ. ನನ್ನ ಜಾಗ ನನಗೆ ಸಿಕ್ಕಿತು. ಡಾಕ್ಟರಮ್ಮನಿಗೆ ಪುಡಿಯ ಸುದ್ದಿ ಹೇಳಲಿಲ್ಲ. ವಾರದ ಮಾತ್ರೆ ಹಿಡಿದಿದೆ ಎಂದು ಅವರು ಸಮಾಧಾನಪಟ್ಟು ಸ್ಟೆರಾಯ್ಡ್ ಇಳಿಸುತ್ತ ಹೋದರು. ಏಳೂವರೆ. ಆಮೇಲೆ ಐದು. ಫಿಟ್‌ನೆಸ್ ಸರ್ಟಿಫಿಕೇಟನ್ನೂ ಕೊಟ್ಟರು.

ಮುಖ ಮಾತ್ರ ಇಳಿಯಲಿಲ್ಲ. ನಾನು ಅದನ್ನು ಕನ್ನಡಿಯಲ್ಲಿ ನೋಡಿಯೂ ನೋಡದಂತೆ ಇದ್ದೆ. ಒಂದು ಭಾನುವಾರ ದಾವಣಗೆರೆಯಿಂದ ನಾದಿನಿಯ ಮನೆಯವರು ಬಂದರು. ಎಲ್ಲರೂ ಹಂಪಿಗೆ ಹೋದೆವು. ಗುಡಿಯಿಂದ ಹೊರಬಂದು ಹಂಪಿ ಬಜಾರಿನ ಕಲ್ಲಿನ ಮಂಟಪಗಳ ಮುಂದೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ನಾದಿನಿ ಮೊಬೈಲಿನಲ್ಲಿ ಫೋಟೊ ತೆಗೆದಳು. ಅಲ್ಲೇ ಕಟ್ಟೆಯ ಮೇಲೆ ಕೂತು ಎಳನೀರು ಕುಡಿಯುತ್ತ ಫೋಟೊ ನೋಡಿದೆ. ಅದರಲ್ಲಿ ನಾನು ನನ್ನನ್ನು ಹುಡುಕಿದೆ. ನಿಜವಾಗಿ ಹುಡುಕಿದೆ, ಎಡದಿಂದ ಬಲಕ್ಕೆ. ಅತ್ತೆಯ ಪಕ್ಕ ನಿಂತಿದ್ದ, ಕೆನ್ನೆಗಳ ನಡುವೆ ಕಣ್ಣು ಹೂತುಹೋದ, ಕತ್ತಿನ ಹಿಂದೆ ಗುಬುಟು ಎದ್ದ ಹೆಂಗಸು ನಾನು ಎಂದು ಸೀರೆಯಿಂದ ಗೊತ್ತಾಯಿತು.

“ಚಂದ ಬಂದೀ ವೈನಿ,” ಅಂದಳು ನಾದಿನಿ.

ಇಪ್ಪತ್ತು ಮಿಲಿಗ್ರಾಂ ಇದ್ದಾಗಲೂ ನಾನು ಹೀಗಿರಲಿಲ್ಲ. ಈಗ ಐದರಲ್ಲಿದ್ದೇನೆ. ಹೊಟ್ಟೆಯ ಮೇಲೆ ನೇರಳೆ ಗೆರೆಗಳು ಎದ್ದದ್ದು, ತೋಳಿಗೆ ಸುಮ್ಮನೆ ಬಾಗಿಲು ತಾಗಿದರೂ ಕಪ್ಪಾಗುವುದು, ಎಲ್ಲವನ್ನೂ ಅಲ್ಲಿ ಕೂತೇ ಒಂದಕ್ಕೊಂದು ಸೇರಿಸಿದೆ.

ಆ ವಾರ ಒಂದು ದಿನ ರಜೆ ಹಾಕಿ ಬೆಳಗ್ಗೆಯೇ ಡಾಕ್ಟರಮ್ಮನ ಹತ್ತಿರ ಹೋದೆ. ಬಿಪಿ ಏರಿತ್ತು, ಸಕ್ಕರೆ ಏರಿತ್ತು. ಅವರು ನನ್ನ ಮುಖವನ್ನು ನೋಡಿದರು.

“ಬ್ಯಾರೆ ಏನ್ ತಗೊಳ್ಳಾಕತ್ತೀರಿ?”

“ಏನಿಲ್ಲ ಮೇಡಂ.”

ಪೆನ್ನು ಕೆಳಗಿಟ್ಟರು. “ಪುಡಿ? ಕಷಾಯ? ಗುಳಿಗಿ?”

ಪುಡಿ ಎಂಬ ಮಾತಿಗೆ ನಾನು ತಲೆ ತಗ್ಗಿಸಿದೆ.

“ಕಂಪ್ಲಿದೇನು?”

ತಲೆಯಾಡಿಸಿದೆ. ಅವರು ಬೈಯಲಿಲ್ಲ. ಆ ಪುಡಿ ತಿಂದವರು ತನ್ನ ಹತ್ತಿರ ಮೊದಲೂ ಬಂದಿದ್ದಾರೆ, ಅದಕ್ಕೆ ಸ್ಟೆರಾಯ್ಡ್ ಅರೆದು ಬೆರೆಸುತ್ತಾರೆ ಎಂಬ ಅನುಮಾನ ತನಗೆ ಇದೆ, ಆದರೆ ಯಾರೂ ಒಂದು ಪೊಟ್ಟಣ ತಂದುಕೊಡುವುದಿಲ್ಲ ಎಂದರು. ನಾನು ಒಂದು ಕಡೆಯಿಂದ ಮಾತ್ರೆಯ ಮೆಟ್ಟಿಲು ಇಳಿಯುತ್ತಿದ್ದಂತೆ ಇನ್ನೊಂದು ಕಡೆಯಿಂದ ಅದೇ ಔಷಧಿಯನ್ನು ಅಳತೆಯಿಲ್ಲದೆ ತಿನ್ನುತ್ತಿದ್ದೆ.

“ಪುಡಿ ಬಿಡ್ರಿ. ಆದ್ರ ಮಾತ್ರಿ ಐದರಿಂದ ಹದಿನೈದಕ್ಕ ಏರಿಸ್ರಿ. ಆಮ್ಯಾಲೆ ನಾನು ನಿಧಾನಕ್ಕ ಇಳಿಸ್ತೀನಿ. ಒಂದು ದಿನಾನೂ ತಪ್ಪಿಸಬ್ಯಾಡ್ರಿ, ಕೇಳಿಸ್ತೇನು?”

ಕೇಳಿಸಿತು. ಕಿವಿಗೆ ಬಿತ್ತು, ಒಳಗೆ ಹೋಗಲಿಲ್ಲ. ತಿಂಗಳುಗಟ್ಟಲೆ ನೋವು ತಿಂದು ಐದಕ್ಕೆ ಬಂದಿದ್ದೆ. ಮತ್ತೆ ಹದಿನೈದು ಎಂಬ ಒಂದೇ ಮಾತಿಗೆ ತಲೆ ಕಾದುಹೋಯಿತು. ಅತ್ತೆಯೂ ಅದೇ ಪುಡಿ ತಿನ್ನುತ್ತಾರೆ ಎಂದು ಡಾಕ್ಟರಮ್ಮನಿಗೆ ಹೇಳಲೂ ಇಲ್ಲ. ಆ ಹೊತ್ತಿನಲ್ಲಿ ನನಗೆ ನನ್ನ ಮುಖವೊಂದೇ ಕಾಣುತ್ತಿತ್ತು. ಆಸ್ಪತ್ರೆಯಿಂದ ಮನೆಗೆ ಹೋಗದೆ ನೇರ ಬಸ್ ಸ್ಟ್ಯಾಂಡಿಗೆ ಹೋಗಿ ಕಂಪ್ಲಿ ಬಸ್ ಹತ್ತಿದೆ. ದಾರಿಯುದ್ದಕ್ಕೂ ಕಾಲುವೆ ನೀರಿನ ಗದ್ದೆಗಳು, ನಾಟಿ ಮಾಡುವ ಹೆಂಗಸರು ಸಾಲಾಗಿ ಬಗ್ಗಿಕೊಂಡಿದ್ದರು. ನಾನು ಅವನಿಗೆ ಹೇಳಬೇಕಾದ್ದನ್ನು ಬಾಯಲ್ಲೇ ಹತ್ತು ಸಲ ಹೇಳಿಕೊಂಡೆ.

ರೈಸ್ ಮಿಲ್ಲೊಂದರ ಹಿಂದಿನ ಓಣಿಯಲ್ಲಿ ಅವನ ಮನೆ. ಪಡಸಾಲೆಯ ಗೋಡೆಗೆ ಒರಗಿ ಇಪ್ಪತ್ತು ಜನ ಕೂತಿದ್ದರು. ಹೆಚ್ಚಿನವರು ಹೆಂಗಸರು, ಕೂಲಿಯವರು, ಸೊಂಟ ಮೊಣಕಾಲು ಹಿಡಿದುಕೊಂಡವರು. ಅವನು ಒಳಗೆ ಚಾಪೆಯ ಮೇಲೆ ಕೂತಿದ್ದ. ಐವತ್ತರ ಆಸುಪಾಸು, ಶುಭ್ರವಾದ ಬಿಳಿ ಅಂಗಿ, ಮೆತ್ತಗಿನ ಮಾತು. ನಾನು ಸಾಲು ದಾಟಿ ಹೋಗಿ ಎದುರಿಗೆ ನಿಂತೆ.

“ಕುಂದ್ರಿ ತಂಗಿ,” ಅಂದ.

“ಕುಂದ್ರಾಕ ಬಂದಿಲ್ಲ. ನಿಮ್ಮ ಪುಡಿಯಾಗ ಏನ್ ಹಾಕೀರಿ?”

“ಬೇರು. ತೊಗಟಿ. ನಮ್ಮ ಅಜ್ಜನ ಕಾಲದಿಂದ ಬಂದದ್ದು.”

“ಅಜ್ಜನ ಕಾಲಕ್ಕ ಸ್ಟೆರಾಯ್ಡ್ ಇತ್ತೇನು? ನನ್ನ ಮುಖ ನೋಡ್ರಿ.”

ಅವನು ನೋಡಿದ. ಕಣ್ಣು ತಪ್ಪಿಸಲಿಲ್ಲ. “ನೋವು ಹೋತೋ ಇಲ್ಲೋ, ಅದನ್ನ ಹೇಳ್ರಿ.”

ನೋವು ಹೋಗಿತ್ತು. ಬಸ್ಸಿನಲ್ಲಿ ಹೇಳಿಕೊಂಡು ಬಂದದ್ದೆಲ್ಲ ಮರೆತುಹೋಯಿತು. ಸಾಲಿನ ಕಡೆ ತಿರುಗಿ, “ಇದನ್ನ ತಿನ್ನಬ್ಯಾಡ್ರಿ, ವಿಷ ಐತಿ,” ಎಂದು ಕೂಗಿದೆ. ಯಾರೂ ಅಲ್ಲಾಡಲಿಲ್ಲ. ಮುಂದೆ ಕೂತಿದ್ದ, ಕಾಲಿನ ಕೆಸರು ಇನ್ನೂ ಒಣಗಿರದ ಹೆಂಗಸೊಬ್ಬಳು ನನ್ನ ಚಪ್ಪಲಿಯಿಂದ ಬ್ಯಾಗಿನ ತನಕ ನೋಡಿ ಹೇಳಿದಳು.

“ನೀವು ದೊಡ್ಡ ಡಾಕ್ಟರ್ ಕಡೆ ಹೋಗ್ರಿ ಅಕ್ಕ. ನಾನು ನಾಳಿ ನಾಟಿಗೆ ಬಗ್ಗಬೇಕು. ಬಾಜೂಕ ಸರೀರಿ, ನನ್ನ ಪಾಳಿ ಐತಿ.”

ನಾನು ಸರಿದೆ. ಅವಳು ಒಳಗೆ ಹೋದಳು.

ಆ ಅವಮಾನವನ್ನು ಹೊತ್ತುಕೊಂಡು ಮನೆಗೆ ಬಂದು ಅಡುಗೆಮನೆಯ ಕಪಾಟಿನಿಂದ ಪುಡಿಯ ಡಬ್ಬಿಗಳನ್ನು ತೆಗೆದೆ. ನನ್ನದು, ಅತ್ತೆಯದು, ಎರಡನ್ನೂ. ಬಚ್ಚಲಿಗೆ ಸುರಿದು ನೀರು ಬಿಟ್ಟೆ.

“ಏನ್ ಮಾಡಾಕತ್ತೀ? ನನ್ನ ಮೊಣಕಾಲಿಗೆ ನಾನು ಏನ್ ಮಾಡ್ಲಿ?” ಅಂದರು ಅತ್ತೆ.

“ಏನರ ಮಾಡ್ಕೊಳ್ರಿ. ನನಗ ವಿಷ ತಿನಿಸಿದ್ದು ಸಾಕು.”

ಮದುವೆಯಾದ ಹನ್ನೆರಡು ವರ್ಷದಲ್ಲಿ ಅವರಿಗೆ ನಾನು ಅಂಥ ಮಾತು ಆಡಿರಲಿಲ್ಲ. ಅವರು ಹೋಗಿ ತಮ್ಮ ಕೋಣೆಯಲ್ಲಿ ಮಲಗಿದರು. ನಾನು ಹದಿನೈದರ ಚೀಟಿಯನ್ನು ಮಡಚಿ ಪರ್ಸಿನಲ್ಲಿಟ್ಟೆ. ಐದೇ ಮಿಲಿಗ್ರಾಂ ನುಂಗುತ್ತ ಹೋದೆ. ನನ್ನ ಮೈ, ನನ್ನ ಹಠ ಎಂದುಕೊಂಡೆ.

ನಾಲ್ಕನೆಯ ದಿನ ಬೆಳಗ್ಗೆ ವ್ಯಾನು ಸಂಡೂರಿನ ಗುಡ್ಡಗಳ ತಿರುವುಗಳಲ್ಲಿ ಹೋಗುವಾಗ ಹೊಟ್ಟೆ ತೊಳಸಿತು. ಲ್ಯಾಬಿನಲ್ಲಿ ಕಾಲುಗಳು ನನ್ನವಲ್ಲ ಅನ್ನಿಸಿದವು. ಬ್ಯುರೆಟ್ ಮುಂದೆ ನಿಂತು ಒಂದು ಅಳತೆ ಬರೆದುಕೊಂಡೆ. ಆ ಅಂಕಿ ಓಡಾಡತೊಡಗಿತು. ವಾಂತಿ ಮಾಡಿಕೊಂಡದ್ದು ನೆನಪಿದೆ. ನೆಲ ತಣ್ಣಗಿದ್ದದ್ದು ನೆನಪಿದೆ. ಇನ್‌ಚಾರ್ಜ್ ನನ್ನ ಭುಜದ ಕೆಳಗೆ ಕೈ ಹಾಕಿ, ವ್ಯಾನಿನ ಡ್ರೈವರ್‌ಗೆ “ಜಲ್ದಿ ತೆಗಿ, ಜಲ್ದಿ” ಅಂದದ್ದು ನೆನಪಿದೆ. ಹೊಸಪೇಟೆಯ ಆಸ್ಪತ್ರೆಯಲ್ಲಿ ಅವರು ಬಿಸಿಲಿಗೆ ಹಿಂಗಾಗೈತಿ ಎಂದು ಹೇಳುತ್ತಿದ್ದಾಗ ನಾನು “ಸ್ಟೆರಾಯ್ಡ್, ಸ್ಟೆರಾಯ್ಡ್” ಎಂದಷ್ಟೇ ಹೇಳಿದೆನಂತೆ. ಅಲ್ಲಿದ್ದ ನರ್ಸ್ ಅದನ್ನು ಕಿವಿಗೆ ಹಾಕಿಕೊಂಡಳು. ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟು ಡ್ರಿಪ್ ಹಚ್ಚಿದರು. ಒಂದು ತಾಸಿನಲ್ಲಿ ಕಣ್ಣು ಬಿಟ್ಟೆ.

ಗಂಡ ಪಕ್ಕದಲ್ಲಿ ನಿಂತಿದ್ದರು. ಅಂಗಡಿಯಿಂದ ಹಾಗೇ ಬಂದಿದ್ದರು, ಕೈಯಲ್ಲಿ ಟೈರಿನ ಮಸಿ ಇತ್ತು.

“ಇಲ್ಲಿ ನೀನು, ಅಲ್ಲಿ ಅವ್ವ,” ಅಂದರು. “ಎರಡು ದಿನದಿಂದ ಆಕಿ ಊಟ ಬಿಟ್ಟಾಳ. ಇವತ್ತು ಎದ್ದೂ ಇಲ್ಲ, ಮಾತಿಲ್ಲ ಕತಿಯಿಲ್ಲ. ನಿನ್ನ ಮ್ಯಾಲಿನ ಸಿಟ್ಟಿಗೆ ಹಟ ಹಿಡದಾಳ.”

ನಾನು ಎದ್ದು ಕೂತೆ. ಡ್ರಿಪ್ಪಿನ ಸೂಜಿ ಎಳೆದು ರಕ್ತ ಬಂತು.

“ಅದು ಸಿಟ್ಟಲ್ಲರೀ. ನಾನು ಅವರ ಪುಡಿ ಚೆಲ್ಲೀನಿ. ಹೋಗ್ರಿ, ಎತ್ಕೊಂಡು ಬರ್ರಿ.”

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಓಡಿದರು. ಅತ್ತೆಯನ್ನು ಆಟೋದಲ್ಲಿ ಮಲಗಿಸಿಕೊಂಡು ಬಂದಾಗ ಅವರಿಗೆ ಅರ್ಧ ಪ್ರಜ್ಞೆ ಮಾತ್ರ ಇತ್ತು, ಬಿಪಿ ಸಿಗುತ್ತಿರಲಿಲ್ಲ. ನಾನು ನಾಲ್ಕೇ ತಿಂಗಳು ತಿಂದವಳು. ಅವರು ಎರಡು ವರ್ಷ ತಿಂದವರು. ನನಗೆ ಡಾಕ್ಟರಮ್ಮ ಎಚ್ಚರಿಕೆ ಕೊಟ್ಟಿದ್ದರು, ದಿನಾ ಐದು ಮಿಲಿಗ್ರಾಂ ಆದರೂ ಒಳಗೆ ಹೋಗುತ್ತಿತ್ತು. ಅವರಿಗೆ ಏನೂ ಇರಲಿಲ್ಲ. ಯಾರೂ ಏನೂ ಹೇಳಿರಲಿಲ್ಲ. ಪರದೆಯ ಆಚೆ ಅವರ ಸುತ್ತ ಚಪ್ಪಲಿಗಳು ಓಡಾಡುವ ಸದ್ದು ಕೇಳುತ್ತ ಮಲಗಿದ್ದೆ. ಕಂಪ್ಲಿಯ ಆ ಮನುಷ್ಯನ ಮೇಲೆ, ಇನ್‌ಚಾರ್ಜ್ ಮೇಲೆ, ಊರಿನ ಮೇಲೆ ಇಷ್ಟು ದಿನ ಹಂಚಿಟ್ಟಿದ್ದ ಸಿಟ್ಟೆಲ್ಲ ಆಗ ನನ್ನ ಮೇಲೆ ಬಂತು.

ಅವರು ಉಳಿದರು. ಮೂರನೆಯ ದಿನ ಎದ್ದು ಕೂತು ಗಂಜಿ ಕುಡಿದರು. ನಾನು ಅವರ ಮಂಚದ ಹತ್ತಿರ ಹೋಗಿ ನಿಂತೆ.

“ತಪ್ಪಾತು ಅತ್ತಿ.”

“ನೀ ಚೆಲ್ಲೋದು ಚೆಲ್ಲಿದಿ,” ಅಂದರು. “ನನಗ ಒಂದು ಮಾತು ಹೇಳಿ ಚೆಲ್ಲಬೇಕಿತ್ತು. ನನ್ನ ಡಬ್ಬಿ ಅದು.” ಅಷ್ಟು ಹೇಳಿ ಗೋಡೆಯ ಕಡೆ ಹೊರಳಿ ಮಲಗಿದರು. ಕ್ಷಮಿಸಿದರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಆಮೇಲಿನ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಇಬ್ಬರು ಸ್ಟೆರಾಯ್ಡ್ ಇಳಿಸುವವರು. ಅತ್ತೆಗೆ ಓದು ಬರುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ನನ್ನ ಮಾತ್ರೆಗೆ ಕೆಂಪು ಚುಕ್ಕೆ, ಅವರ ಮಾತ್ರೆಗೆ ನೀಲಿ ಚುಕ್ಕೆ ಇಡುತ್ತಿದ್ದೆ. ಎಷ್ಟು ಚುಕ್ಕೆಯೋ ಅಷ್ಟು ಮಾತ್ರೆ. ನೀಲಿ ಚುಕ್ಕೆಯೊಂದು ಕಡಿಮೆಯಾದ ವಾರ ಅವರು ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತ, ನನಗೆ ಕೇಳುವಂತೆ, “ಅವನ ಪುಡಿನ ಚಲೋ ಇತ್ತು,” ಅನ್ನುತ್ತಿದ್ದರು. ನಾನು ಚಹಾ ಮಾಡುತ್ತಿದ್ದೆ. ನನಗೂ ಹಾಗೇ ಅನ್ನಿಸುತ್ತಿತ್ತು. ಇಬ್ಬರೂ ಅಡುಗೆಮನೆಯಲ್ಲಿ ಒಬ್ಬರ ಮೇಲೊಬ್ಬರು ರೇಗುತ್ತಿದ್ದೆವು. ಸಾರಿಗೆ ಉಪ್ಪು ಹೆಚ್ಚಾದರೆ ಜಗಳ, ಫ್ಯಾನ್ ಜೋರಾದರೆ ಜಗಳ. ಮಾತ್ರೆ ಇಳಿಸುವಾಗ ಮನಸ್ಸೂ ಹೀಗೆ ಆಗುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ನಡುವೆ ಕೂತು ಉಣ್ಣುತ್ತಿದ್ದ ನನ್ನ ಗಂಡನಿಗೂ ಅದನ್ನು ತಿಳಿಸಿ ಹೇಳಬೇಕಾಯಿತು.

ಒಂದು ದಿನ ಡಾಕ್ಟರಮ್ಮ ಅತ್ತೆಯ ಎದುರೇ, ಪೊಟ್ಟಣ ಒಂದು ಸಿಕ್ಕಿದ್ದರೆ ಪರೀಕ್ಷೆಗೆ ಕಳಿಸಬಹುದಿತ್ತು ಎಂದರು. ಎರಡೂ ಡಬ್ಬಿ ಬಚ್ಚಲಿಗೆ ಸುರಿದ ಕೆಮಿಸ್ಟ್ ನಾನು ಪಕ್ಕದಲ್ಲೇ ಕೂತಿದ್ದೆ. ಭಾನುವಾರ ಬೆಳಗ್ಗೆ ಅತ್ತೆ ಸೀರೆ ಉಟ್ಟು, ಕೋಲು ಹಿಡಿದು ಬಂದು ನಿಂತರು.

“ನಡಿ, ಕಂಪ್ಲಿಗೆ ಹೋಗಿ ಬರೂಣು.”

ಅದೇ ಓಣಿ, ಅದೇ ಪಡಸಾಲೆ. ನನ್ನನ್ನು ಓಣಿಯ ತುದಿಯಲ್ಲಿ ನಿಲ್ಲಲು ಹೇಳಿ ಅವರು ಸಾಲಿನಲ್ಲಿ ಕೂತರು. ಮುಕ್ಕಾಲು ತಾಸು ಕಾದರು. ಪಾಳಿ ಬಂದಾಗ ಒಳಗಿನಿಂದ, “ಬರ್ರಿ ಅಮ್ಮ, ಭಾಳ ದಿನಾತು,” ಎಂಬ ಆ ಮೆತ್ತಗಿನ ದನಿ ನನಗೆ ಕೇಳಿಸಿತು. ಅತ್ತೆ ಪೊಟ್ಟಣ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಗೆ ಬಂದರು. ಹೊಸ್ತಿಲಲ್ಲಿ ಕೋಲೂರಿ ನಿಂತರು.

“ನಾನು ಈ ಊರ ಮಗಳು,” ಅಂದರು, ಕೂತವರಿಗೆ. ಕೂಗಲಿಲ್ಲ. “ಎರಡು ವರ್ಷ ಇದನ್ನ ತಿಂದೀನಿ. ನೋವು ಹೋಗ್ತೈತಿ, ಸುಳ್ಳಲ್ಲ. ಒಳಗ ಮೈ ಟೊಳ್ಳಾಗ್ತೈತಿ. ಬಿಟ್ಟಾಗ ಸಾಯೋದೊಂದು ಬಾಕಿ ಇತ್ತು. ತಿನ್ನಾಕತ್ತೋರು ನಾಳಿಗೆ ಒಮ್ಮಿಗೇ ಬಿಡಬ್ಯಾಡ್ರಿ. ಡಾಕ್ಟರಿಗೆ ತೋರಿಸಿ, ಕೇಳಿ ಬಿಡ್ರಿ. ಹಂಗೇ ಬಿಟ್ರ ನನ್ನಂಗ ಆಗ್ತೈತಿ.”

ಅವನು ಎದ್ದು ಬಾಗಿಲಿಗೆ ಬಂದ. ದನಿಯ ಮೆದುತನ ಹೋಗಿತ್ತು. “ಯಾರು ಕಳಿಸ್ಯಾರ ನಿಮ್ಮನ್ನ?”

“ನನ್ನ ಮೊಣಕಾಲು ಕಳಿಸ್ಯಾವ,” ಅಂದರು ಅತ್ತೆ.

ಇಬ್ಬರು ಹೆಂಗಸರು ಎದ್ದು ನಮ್ಮ ಹಿಂದೆ ಓಣಿಯ ತುದಿಯ ತನಕ ಬಂದು ಯಾವ ಡಾಕ್ಟರು, ಯಾವ ವಾರ ಬರುತ್ತಾರೆ ಎಂದು ಕೇಳಿದರು. ಒಬ್ಬಳ ಮುಖ ನನ್ನದರಂತೆಯೇ ದುಂಡಗಿತ್ತು. ಉಳಿದವರು ಕೂತೇ ಇದ್ದರು. ನಾನು ಕೂಗಿದಾಗ ಒಬ್ಬರೂ ಎದ್ದಿರಲಿಲ್ಲ. ಅತ್ತೆಯ ಮಾತಿನಲ್ಲಿ ಇದ್ದ ಒಂದು ವಿಷಯ ನನ್ನ ಮಾತಿನಲ್ಲಿ ಇರಲಿಲ್ಲ: ನೋವು ಹೋಗುತ್ತದೆ ಎಂಬುದನ್ನು ಅವರು ಮೊದಲು ಒಪ್ಪಿಕೊಂಡಿದ್ದರು.

ಆ ಪೊಟ್ಟಣದ ಜೊತೆ ನಾವಿಬ್ಬರೂ ಡಾಕ್ಟರಮ್ಮನ ಮೂಲಕ ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಟ್ಟೆವು. ನಾನು ಸಹಿ ಹಾಕಿದೆ, ಅತ್ತೆ ಹೆಬ್ಬೆಟ್ಟು ಒತ್ತಿದರು. ಪುಡಿಯಲ್ಲಿ ಸ್ಟೆರಾಯ್ಡ್ ಇರುವುದು ಪರೀಕ್ಷೆಯಲ್ಲಿ ಗೊತ್ತಾಯಿತು ಎಂದು ಕೆಲವು ತಿಂಗಳ ನಂತರ ಡಾಕ್ಟರಮ್ಮ ಫೋನ್ ಮಾಡಿ ಹೇಳಿದರು. ಕಂಪ್ಲಿಯ ಆ ಮನೆಗೆ ಬೀಗ ಬಿತ್ತು. ಸ್ವಲ್ಪ ದಿನಕ್ಕೆ ಅವನು ಮರಿಯಮ್ಮನಹಳ್ಳಿ ಕಡೆ ವಾರಕ್ಕೊಂದು ದಿನ ಬೈಕಿನಲ್ಲಿ ಬಂದು ಕೂರುತ್ತಾನೆ ಎಂಬ ಸುದ್ದಿ ಗಂಡನ ಅಂಗಡಿಗೆ ಬರುವ ಲಾರಿ ಡ್ರೈವರೊಬ್ಬನಿಂದ ಬಂತು. ಅದನ್ನೂ ಬರೆದು ಕೊಟ್ಟೆವು.

ಇದಕ್ಕೂ ಮೊದಲು, ಆಸ್ಪತ್ರೆಯಿಂದ ಬಂದು ಲ್ಯಾಬಿಗೆ ಮರಳಿದ ದಿನ ಇನ್‌ಚಾರ್ಜ್ ನನ್ನನ್ನು ಕರೆದು, “ಇಷ್ಟೆಲ್ಲ ಆದಮ್ಯಾಲೆ ರಿಸ್ಕ್ ತಗೊಳ್ಳಾಕ ಆಗಂಗಿಲ್ಲ ಮೇಡಂ,” ಅಂದರು. ನನ್ನನ್ನು ನೆಲದಿಂದ ಎತ್ತಿದ ಕೈಗಳು ಅವು. ಆ ಋಣ ನನ್ನ ಬಾಯಿ ಕಟ್ಟುತ್ತದೆ ಎಂದುಕೊಂಡಿದ್ದೆ, ಕಟ್ಟಲಿಲ್ಲ.

“ನಾನು ನಿಮ್ಮನ್ನ ಒಂದೂವರೆ ತಾಸು ಕೇಳಿದ್ದೆ ಸರ್. ಬೆಳಿಗ್ಗೆ ಒಂದೂವರೆ ತಾಸು ಬ್ಯಾರೆ ಕೆಲಸ. ನೀವು ಚೀಲ ಹೊರಾಕ ಹಾಕಿದ್ರಿ. ಆ ಜಾಗ ಉಳಿಸಿಕೊಳ್ಳಾಕ ನಾನು ಕಂಡಿದ್ದೆಲ್ಲ ತಿಂದೆ.”

ಅವರು ನಾನು ತಂದಿದ್ದ ಡಾಕ್ಟರಮ್ಮನ ಪತ್ರವನ್ನು ಓದಿದರು. ಹತ್ತೂವರೆ ತನಕ ಕಾಗದದ ಕೆಲಸ, ಆಮೇಲೆ ಬ್ಯುರೆಟ್ ಎಂದು ಒಪ್ಪಿದರು. ಒಳ್ಳೆಯತನದಿಂದ ಒಪ್ಪಿದರೋ, ಹಿಂದಿನ ವಾರ ಹೊಸಬ ಕೆಲಸ ಬಿಟ್ಟು ಹೋಗಿದ್ದಕ್ಕೆ ಒಪ್ಪಿದರೋ ಎಂದು ನಾನು ಕೇಳಲಿಲ್ಲ. ಬೇರೆ ಯಾರೂ ಆ ರೂಲ್ ತಮಗೂ ಬೇಕೆಂದು ಇಲ್ಲಿಯ ತನಕ ಕೇಳಿಲ್ಲ.

ಈಗ ನಾನು ನಾಲ್ಕು ಮಿಲಿಗ್ರಾಂನಲ್ಲಿ ಇದ್ದೇನೆ. ಕಳೆದ ತಿಂಗಳು ಮೂರಕ್ಕೆ ಇಳಿಸಿ ನೋಡಿದೆವು; ಆರನೆಯ ದಿನಕ್ಕೆ ಮಣಿಕಟ್ಟು ಊದಿತು, ಮತ್ತೆ ನಾಲ್ಕಕ್ಕೆ ಬಂದೆ. ಅತ್ತೆ ಐದರಲ್ಲಿ ನಿಂತಿದ್ದಾರೆ. ಅವರದು ಇನ್ನೂ ನಿಧಾನ, ವರ್ಷಗಳೇ ಹಿಡಿಯಬಹುದು ಎಂದಿದ್ದಾರೆ ಡಾಕ್ಟರಮ್ಮ. ಈಗ ಅವರು ಮಾಳಿಗೆ ಹತ್ತುವುದಿಲ್ಲ. ಈ ಸಲ ಸಂಡಿಗೆಯನ್ನು ಅಂಗಳದಲ್ಲೇ ಹಾಕಿದೆವು. ಅವರು ಕುರ್ಚಿಯ ಮೇಲೆ ಕೂತು ಹಿಟ್ಟು ಒತ್ತಿದರು, ನಾನು ಚಾಪೆಯ ಮೇಲೆ ಸಾಲು ಹಾಕಿದೆ. ಸಾಲು ಸೊಟ್ಟಗಿದೆ ಎಂದು ಅವರು ಬೈದರು. ನಾನೂ ತಿರುಗಿ ಬೈದೆ. ಮಧ್ಯಾಹ್ನದ ಬಿಸಿಲು ಏರುವ ಮೊದಲು ಇಬ್ಬರೂ ಒಳಗೆ ಬಂದು ಉಂಡೆವು.